ಬರಿಯ ಮರೆವೇ?

2016ರಲ್ಲಿ ತೆರೆಕಂಡ, ಹೇಮಂತ್ ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರವನ್ನು ಮೆಚ್ಚದವರು ವಿರಳ. ಕಾಣೆಯಾದವರ ಪ್ರಕಟಣೆಯ ಒಣಮಾತನ್ನೇ ಹೆಸರಾಗಿಸಿಕೊಂಡುದು ಜಾಣ್ಮೆಯೇ ಸರಿ. ಆಲ್‌ಜೈಮರ್ ರೋಗಿ ವೆಂಕೋಬರಾಯರ ಅಲೆದಾಟವನ್ನೂ, ಮಡದಿಯ ನೆನಪಿಗೆ ಮರಳಿ ಮರಳಿ ಬರುವ ಅವರ ಮಾತನ್ನೂ ಅನಂತನಾಗ್ ಅವರು ನಟನೆಯೆಂದು ತೋರದಂತೆ ಅಭಿನಯಿಸಿದ್ದಾರೆ.

ಆದರೆ ರಾಯರ ರೋಗ ಬಹುಮಟ್ಟಿಗೆ ಸೌಮ್ಯವಾದ ಮರೆವು. ವೈದ್ಯರ ಕಣ್ಣಿಗೆ ಇದು ಮೊದಲು ಬಿದ್ದುದು ಹಾಗಲ್ಲ. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಆಲೋಯಿಸ್ ಆಲ್‌ಜೈಮರ್ ಪರೀಕ್ಷಿಸಿದ ಆಗುಸ್ಟೆ ಡೇಟರ್ ಎಂಬಾಕೆಯಲ್ಲಿ ಮೊದಲು ಎದ್ದು ತೋರಿದ್ದು ಗಂಡನ ಮೇಲಣ ಸಂಶಯ. ಆಮೇಲೆ ಸಾಮಾನುಗಳನ್ನು ಎಳೆದಾಡಿ ಬಚ್ಚಿಡುವುದು, ತನ್ನನ್ನು ಕೊಲ್ಲುವರೆಂದು ಚೀರುವುದು.

ನಮ್ಮ ಮನೆಗಳಲ್ಲಿಯೂ ಸೊಸೆ ಹಣ ಕದ್ದಳೆಂಬ ಅತ್ತೆಯ ದೂರು, ಸಂಜೆಯಾದೊಡನೆ ಏರುವ ಚಡಪಡಿಕೆ, ಇರುಳಿನ ನಿದ್ದೆಗೇಡು ಇವೆಲ್ಲ ಸ್ವಭಾವದೋಷವೆಂದೇ ಎಣಿಕೆಯಾಗುತ್ತವೆ. ಮನೆಯವರು ವಾದಕ್ಕಿಳಿಯುತ್ತಾರೆ, ಗದರುತ್ತಾರೆ, ಮುದುಕಿ ಇನ್ನಷ್ಟು ಕೆರಳುತ್ತಾಳೆ. ರೋಗದ ಈ ಮುಖವನ್ನು ಚಿತ್ರ ಮುಂದಕ್ಕೆ ತಂದಿದ್ದರೆ ಮಗ ಶಿವನ ಬೇಸರಕ್ಕೂ ಅರ್ಥ ಬರುತ್ತಿತ್ತು. ಈಗ ಮೊದಮೊದಲು ಅವನು ಬರಿಯ ಒರಟನಂತೆ ಕಾಣುತ್ತಾನೆ. ಪಾತಕಿಗಳ ಕಥೆಗೆ (ಅದು ನಮಗೆ ಅಷ್ಟೇನೂ ರುಚಿಸಲಿಲ್ಲ) ಕೊಟ್ಟ ಹೊತ್ತಿನಲ್ಲಿ ತುಸುವನ್ನು ಇದಕ್ಕೆ ಕೊಡಬಹುದಿತ್ತು.