ಕಿಟಕಿ ಸೀಟಿನ ಕಪ್ಪು

ಮುಂದಿನ ಟ್ಯಾಬ್ಲೆಟ್ ಹೇಗಿರುತ್ತೆ ಅಂತ ಬರೆಯೋ ವದಂತಿ ಲೇಖನಗಳಿಗೆ ಒಂದು ವ್ಯಾಕರಣ ಇದೆ. ಹೈಸ್ಕೂಲಲ್ಲಿ ನಮ್ಮ ಮೇಷ್ಟ್ರು ಕಲಿಸಿದ ಸಂಭಾವನಾರ್ಥಕ ಕ್ರಿಯಾಪದ ನೆನಪಿದೆಯಾ? ಬಂದೀತು, ಇದ್ದೀತು, ಆದೀತು. ಇಡೀ ಲೇಖನ ಅದರಲ್ಲೇ ಸಾಗುತ್ತೆ. ನಮ್ಮ ಬಂಗಾರಪೇಟೆ ಪಾನಿಪುರಿಯ ನೀರಿಗೆ ಬಣ್ಣವೇ ಇರಲ್ಲ, ಬಾಯಿಗಿಟ್ಟರೆ ಮಾತ್ರ ಖಾರ ನೆತ್ತಿಗೇರುತ್ತೆ. ಈ ಲೇಖನಗಳು ಅದರ ಉಲ್ಟಾ.

ಹಾಗಂತ ಎಲ್ಲಾ ಸುಳ್ಳು ಅಂತ ನಾನು ಹೇಳಲ್ಲ. ಪರದೆಯ ವಿಷಯದಲ್ಲಂತೂ ವದಂತಿಗಳು ಸಾಕಷ್ಟು ಸಲ ನಿಜ ಆಗ್ತವೆ. ಕಾರಣ ಸರಳ. ಟ್ಯಾಬ್ಲೆಟ್ ಬರೋದಕ್ಕೆ ತುಂಬಾ ಮೊದಲೇ ಸ್ಯಾಮ್‌ಸಂಗ್, ಎಲ್‌ಜಿ ಥರದ ಪ್ಯಾನೆಲ್ ಕಂಪನಿಗಳಲ್ಲಿ ತಯಾರಿ ಶುರುವಾಗಿರುತ್ತೆ, ಸುದ್ದಿ ಅಲ್ಲಿಂದ ಸೋರುತ್ತೆ. ಐಪ್ಯಾಡ್ ಪ್ರೋಗೆ ಓಎಲ್‌ಇಡಿ ಬರುತ್ತೆ ಅಂತ ವರ್ಷಗಟ್ಟಲೆ ಬರೆದರು, 2024ರ ಮೇ ತಿಂಗಳಲ್ಲಿ ಬಂತು. ಮೈಕ್ರೋ ಎಲ್‌ಇಡಿ ವಾಚ್ ಬಗ್ಗೆಯೂ ವರ್ಷಗಟ್ಟಲೆ ಬರೆದರು, ಅದೇ 2024ರಲ್ಲಿ ಆ ಯೋಜನೆ ಕೈಬಿಟ್ಟರಂತೆ ಅನ್ನೋ ವರದಿ ಬಂತು. ಬರೆದವರು ಯಾರೂ ಲೆಕ್ಕ ಒಪ್ಪಿಸಲಿಲ್ಲ. ಈಗ ಐಪ್ಯಾಡ್ ಮಿನಿಯ ಸರದಿ, ಅದಕ್ಕೂ ಓಎಲ್‌ಇಡಿಯಂತೆ.

ನನ್ನ ತಕರಾರು ಬೇರೆ. ಇವರು ಬರೆಯೋದೆಲ್ಲ ಕತ್ತಲೆ ಕೋಣೆಯ ಪರದೆ ಬಗ್ಗೆ.

ಎಲ್‌ಸಿಡಿಯಲ್ಲಿ ಹಿಂದೆ ಒಂದು ದೀಪ ಉರೀತಾ ಇರುತ್ತೆ, ಮುಂದಿನ ಪದರ ಅದನ್ನ ತಡೆದು ಕಪ್ಪು ತೋರಿಸುತ್ತೆ. ಪೂರ್ತಿ ತಡೆಯಕ್ಕಾಗಲ್ಲ, ಹಾಗಾಗಿ ಕಪ್ಪು ಅನ್ನೋದು ಬೂದಿ ಬಣ್ಣ. ಓಎಲ್‌ಇಡಿಯಲ್ಲಿ ಒಂದೊಂದು ಪಿಕ್ಸೆಲ್ಲೂ ತಾನೇ ಉರಿಯುತ್ತೆ, ಆರಿದರೆ ಅಪ್ಪಟ ಕಪ್ಪು. ರಾತ್ರಿ ದೀಪ ಆರಿಸಿ ಸಿನಿಮಾ ನೋಡೋರಿಗೆ ಇದು ನಿಜವಾಗಲೂ ದೊಡ್ಡ ವ್ಯತ್ಯಾಸ, ಇಲ್ಲ ಅನ್ನಲ್ಲ. ಆದರೆ ಮಾರಿಕುಪ್ಪಂನಿಂದ ಹೊರಡೋ ಬೆಳಗಿನ ರೈಲಿನಲ್ಲಿ ಕೂತು ನೋಡಿ. ಊರಿಗಾಂ, ಕೋರಮಂಡಲ್, ಬೆಮೆಲ್ ನಗರ ದಾಟಿ ಬಂಗಾರಪೇಟೆಗೆ ಬರೋ ಹೊತ್ತಿಗೆ ಬಿಸಿಲು ಏರಿರುತ್ತೆ. ಅಲ್ಲಿಂದ ಟೇಕಲ್, ಮಾಲೂರು ಕಡೆಗೆ ಗಾಡಿ ಪಶ್ಚಿಮಕ್ಕೆ ಓಡುತ್ತೆ. ಚಳಿಗಾಲದಲ್ಲಿ ಎಡಗಡೆ ಕಿಟಕೀಲಿ ಎಂಜಿನ್ ಕಡೆ ಮುಖ ಮಾಡಿ ಕೂತರೆ ಸೂರ್ಯ ಹೆಗಲ ಮೇಲಿಂದ ಇಣುಕಿ ಸೀದಾ ಪರದೆ ಮೇಲೆ ಬೀಳ್ತಾನೆ. ಸಾಮಾನ್ಯ ಗಾಜಿನ ಒಂದೊಂದು ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಲ್ಲಿ ನೂರಕ್ಕೆ ಸುಮಾರು 4 ಭಾಗ ವಾಪಸ್ ಎಸೆಯುತ್ತೆ. ಆಗ ಪರದೆಯ ಕಪ್ಪು ಎಷ್ಟು ಕಪ್ಪು ಅನ್ನೋದನ್ನ ಪಿಕ್ಸೆಲ್ ತೀರ್ಮಾನ ಮಾಡಲ್ಲ, ಗಾಜು ಮಾಡುತ್ತೆ. ಸಾವಿರಗಟ್ಟಲೆ ಡಾಲರ್ ಕೊಟ್ಟು ಕೊಂಡ ಅಪ್ಪಟ ಕಪ್ಪಿನಲ್ಲಿ ಕಾಣೋದು ನಿಮ್ಮದೇ ಮುಖ, ಹಿಂದಿನ ಸೀಟಿನವರ ಟಿಫನ್ ಬ್ಯಾಗು.

ಇದಕ್ಕೆ ಕಂಪನಿಗಳ ಉತ್ತರ: ಇನ್ನಷ್ಟು ಬೆಳಕು. 2024ರ ಐಪ್ಯಾಡ್ ಪ್ರೋದಲ್ಲಿ ಎರಡು ಓಎಲ್‌ಇಡಿ ಪದರ ಒಂದರ ಮೇಲೊಂದು ಕೂರಿಸಿ ಪೂರ್ತಿ ಪರದೆಗೆ 1000 ನಿಟ್ಸ್ ಹೊಳಪು ತಂದರು. ಅದೇ ವರ್ಷದ ಮಿನಿಯಲ್ಲಿ 500. ಪ್ರತಿಫಲನ ತಗ್ಗಿಸೋ ನ್ಯಾನೋ ಟೆಕ್ಸ್ಚರ್ ಗಾಜೂ ಇತ್ತು ಅನ್ನಿ, ಆದರೆ 1 ಟಿಬಿ ಇಲ್ಲವೇ 2 ಟಿಬಿ ಮಾಡೆಲ್ ಕೊಂಡವರಿಗೆ ಮಾತ್ರ, ಅದೂ ಹೆಚ್ಚಿಗೆ ದುಡ್ಡಿಗೆ. ಬಿಸಿಲಲ್ಲಿ ಓದೋ ಸೌಕರ್ಯಕ್ಕೂ 1 ಟಿಬಿಗೂ ಏನು ನೆಂಟಸ್ತನ?

ಬೆಳಕಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಹಳೇ ಅನುಭವ ಇದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ಕರೆಂಟ್ ತಂದರು. ಬೆಂಗಳೂರಿನ ಬೀದಿಗಳಿಗೆ ಕರೆಂಟ್ ದೀಪ ಬಂದಿದ್ದು 1905ರಲ್ಲಿ. ಆ ಕರೆಂಟು ಗಣಿಗೆ ಬೇಕೇ ಬೇಕಿತ್ತು. ಚಾಂಪಿಯನ್ ರೀಫ್ ಆಮೇಲೆ 3 ಕಿಲೋಮೀಟರಿಗೂ ಕೆಳಗೆ ಹೋಯಿತು, ಅಲ್ಲಿಗೆ ಯಾವ ಸೂರ್ಯ ಬರ್ತಾನೆ? 2001ರಲ್ಲಿ ಗಣಿ ಮುಚ್ಚಿದ ಮೇಲೆ ಊರಿನ ಎಷ್ಟೋ ಜನರ ದುಡಿಮೆ ಬೆಂಗಳೂರಿನ ರೈಲಿಗೆ ಬಂತು. ಇಲ್ಲಿ ಸೂರ್ಯ ಬೇಡ ಅಂದರೂ ಬರ್ತಾನೆ. ಈ ಬಿಸಿಲಿನ ಜತೆ ಜಿದ್ದಿಗೆ ಬಿದ್ದು ಬ್ಯಾಟರಿ ಸುಡೋ ಬದಲು ಅದನ್ನೇ ಬಳಸಬಾರದಾ?

ಹಾಗೆ ಬಳಸಿದವರು ಇದ್ದರು, ಅದೂ ಬೆಂಗಳೂರಲ್ಲೇ. ನೋಷನ್ ಇಂಕ್ ಅನ್ನೋ ಸ್ಟಾರ್ಟಪ್ಪು. 2010ರ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಮೇಳದಲ್ಲಿ ‘ಆಡಮ್’ ಟ್ಯಾಬ್ಲೆಟ್ ತೋರಿಸಿದರು. ಐಪ್ಯಾಡ್ ಆಗಿನ್ನೂ ಘೋಷಣೆಯೂ ಆಗಿರಲಿಲ್ಲ. ಮೇರಿ ಲೂ ಜೆಪ್ಸೆನ್ ಕಟ್ಟಿದ ಪಿಕ್ಸೆಲ್ ಕ್ವಿ ಕಂಪನಿಯ ಪರದೆ ಅದರಲ್ಲಿತ್ತು. ಒಳಗಡೆ ಕೂತಾಗ ಬ್ಯಾಕ್‌ಲೈಟ್ ಹಾಕ್ಕೊಂಡು ಬಣ್ಣದಲ್ಲಿ ನೋಡಿ. ಹೊರಗೆ ಬಂದಾಗ ಬ್ಯಾಕ್‌ಲೈಟ್ ಆರಿಸಿ, ಬಿಸಿಲೇ ಒಳಗೆ ಹೋಗಿ ತಿರುಗಿ ಬಂದು ಅಕ್ಷರ ತೋರಿಸುತ್ತೆ, ಕಪ್ಪು ಬಿಳುಪಿನಲ್ಲಿ. ಬಿಸಿಲು ಹೆಚ್ಚಿದಷ್ಟೂ ಓದು ಸಲೀಸು. ಆ ಒಂದು ವರ್ಷ ಆಡಮ್ ಬಗ್ಗೆ ಹಬ್ಬಿದ ಊಹಾಪೋಹ ನಮ್ಮ ದೇಶದ ಬೇರೆ ಯಾವ ಟ್ಯಾಬ್ಲೆಟ್ ಬಗ್ಗೆಯೂ ನಾನು ಕಂಡಿಲ್ಲ. ವಿಚಿತ್ರ ನೋಡಿ, ಬಹುತೇಕ ಕುತೂಹಲ ಟೆಗ್ರಾ 2 ಚಿಪ್ ಮೇಲೆ, ತಿರುಗೋ ಕ್ಯಾಮೆರಾ ಮೇಲೆ, ಯಾವಾಗ ಬರುತ್ತೆ ಅನ್ನೋದರ ಮೇಲೆ. 2011ರ ಶುರುವಿನಲ್ಲಿ ಕೈಗೆ ಬಂದಾಗ ಸಾಫ್ಟ್‌ವೇರ್ ಅರೆಬೆಂದಿತ್ತು. ಬಣ್ಣ ಪೇಲವ. ಆಗಿನ ಆಂಡ್ರಾಯ್ಡ್‌ಗೆ ಕನ್ನಡ ನೆಟ್ಟಗೆ ಬರ್ತಾ ಇರಲಿಲ್ಲ, ಅದು ಸೇರಿದ್ದು 2012ರ ಜೆಲ್ಲಿ ಬೀನ್‌ನಲ್ಲಿ. ಹೀಗಾಗಿ ಆಡಮ್ ಸೋತಿತು, ಸೋಲಬೇಕಾದದ್ದೇ. ಆದರೆ ಅದರ ಜತೆ ಆ ಪರದೆಯನ್ನೂ ಮಣ್ಣು ಮಾಡಿದ್ದು ನನಗೆ ಇವತ್ತಿಗೂ ಹೊಟ್ಟೆ ಉರಿಸೋ ವಿಷಯ.

ಕನ್ನಡ ಓದೋರಿಗೆ ಇದು ಶೋಕಿ ಮಾತಲ್ಲ. ಇಂಗ್ಲಿಷ್ ಅಕ್ಷರ ಅರ್ಧ ಮಸುಕಾದರೂ ಊಹಿಸಬಹುದು. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಸಾಸಿವೆಯಷ್ಟು ಜಾಗದಲ್ಲಿ ಕೂತಿರುತ್ತೆ. ರೈಲಿನಲ್ಲಿ ನನ್ನ ಎದುರು ಸೀಟಿನ ಹುಡುಗ ಕೆಪಿಎಸ್‌ಸಿ ಪರೀಕ್ಷೆಗೆ ಓದ್ತಾನೆ, ಎಲ್ಲಾ ಸ್ಕ್ಯಾನ್ ಮಾಡಿದ ಹಳೇ ಪುಸ್ತಕದ ಪಿಡಿಎಫ್. ಬೆಂಗಳೂರಿಗೆ ಹೋಗ್ತಾ ಒಂದೂವರೆ ಗಂಟೆ, ಬರ್ತಾ ಒಂದೂವರೆ ಗಂಟೆ, ದಿನದಲ್ಲಿ ಅವನದು ಅಂತ ಇರೋದು ಅಷ್ಟೇ ಹೊತ್ತು. ಬಿಸಿಲು ಬಿದ್ದ ಸ್ಕ್ಯಾನಿನಲ್ಲಿ ತ ಒತ್ತೋ ನ ಒತ್ತೋ ಅಂತ ಕಣ್ಣು ಕಿರಿದು ಮಾಡ್ತಾನೆ. ‘ಸಾರ್, ಮಿನಿಗೆ ಓಎಲ್‌ಇಡಿ ಬರೋವರೆಗೂ ಕಾಯಲಾ, ಈಗಲೇ ಇಎಂಐ ಹಾಕಲಾ?’ ಅಂತ ಕೇಳಿದ. ಎರಡೂ ಬೇಡ ಅಂದೆ.

2024ರಲ್ಲಿ ಅಮೆರಿಕದ ಡೇಲೈಟ್ ಅನ್ನೋ ಕಂಪನಿ ಬಿಸಿಲಿನಿಂದಲೇ ಓದೋ ಕಪ್ಪು ಬಿಳುಪು ಎಲ್‌ಸಿಡಿ ಟ್ಯಾಬ್ಲೆಟ್ ತಂದಿತು, ಆಗಿನ ಬೆಲೆ 729 ಡಾಲರ್. ಅವನ ಎರಡು ತಿಂಗಳ ಸಂಬಳ ಅದಕ್ಕೆ ಸಾಲಲ್ಲ. ಸದ್ಯ ಅವನ ಹಳೇ ಟ್ಯಾಬ್ಲೆಟ್‌ಗೇ ಬಂಗಾರಪೇಟೆ ಸ್ಟೇಷನ್ ರಸ್ತೆಯ ಮೊಬೈಲ್ ಅಂಗಡೀಲಿ ಒಂದು ಮ್ಯಾಟ್ ಫಿಲ್ಮ್ ಹಾಕಿಸಿದ್ದೀವಿ. ಅಕ್ಷರ ಒಂಚೂರು ಮಸುಕಾಯಿತು, ಮುಖ ಕಾಣೋದು ನಿಂತಿತು. ಸೀಟನ್ನೂ ಬಲಗಡೆಗೆ ಬದಲಾಯಿಸಿಕೊಂಡಿದ್ದಾನೆ.