ಸುಲಿಗೆ ಕಾಲದ ಸೊಂಟ

ಅಡಿಕೆ ಸುಲಿಗೆ ಶುರುವಾಯಿತೆಂದರೆ ಶಂಕರಘಟ್ಟದ ಸುತ್ತಿನ ಊರುಗಳಲ್ಲಿ ಸೊಂಟನೋವಿನ ಮಾತೂ ಶುರು. ಕೊಯ್ದ ಹಸಿ ಅಡಿಕೆ ಕಾಯುವುದಿಲ್ಲ, ಬೇಗ ಸುಲಿದು ಬೇಯಿಸಬೇಕು. ಮೆಟ್ಟುಗತ್ತಿಯ ಮುಂದೆ ಕೂತವರು ಬೆನ್ನು ಬಾಗಿಸಿ ಗಂಟೆಗಟ್ಟಲೆ ಕದಲುವುದಿಲ್ಲ. ಸುಲಿದಷ್ಟಕ್ಕೇ ಕೂಲಿ, ಎದ್ದರೆ ನಷ್ಟ. ಇಲ್ಲಿನ ವಿಶ್ವವಿದ್ಯಾಲಯದ ಆವರಣ ಜ್ಞಾನಸಹ್ಯಾದ್ರಿಯಲ್ಲಿ ಪಿಎಚ್‌.ಡಿ. ಪ್ರಬಂಧ ಟೈಪು ಮಾಡುವವರ ಬೆನ್ನೂ ಹೀಗೇ ಬಾಗಿರುತ್ತದೆ, ಕುರ್ಚಿ ಮಾತ್ರ ಎತ್ತರ.

ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬೆನ್ನುಮೂಳೆಯ ಡಿಸ್ಕಿಗೇ ಸೂಜಿ ಇಳಿಸಿ ಒತ್ತಡ ಅಳೆದರು. ನಿಂತಾಗಿನದಕ್ಕಿಂತ ಕೂತು ಮುಂದೆ ಬಾಗಿದಾಗ ಅದು ಹೆಚ್ಚು. ಹಾಗಂತ ಎಲ್ಲ ನೋವನ್ನೂ ಡಿಸ್ಕಿನ ತಲೆಗೆ ಕಟ್ಟಬೇಡಿ. ಬಹುಪಾಲು ಸೊಂಟನೋವಿಗೆ ಸ್ಕ್ಯಾನಿನಲ್ಲಿ ಬೆರಳಿಟ್ಟು ತೋರಿಸುವಂಥ ಕಾರಣ ಸಿಗುವುದಿಲ್ಲ. ಆದರೆ ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ ಜೊತೆಗಿದ್ದರೆ, ಅಂಕಣ ಓದುತ್ತ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಿ.

ಮನೆಮದ್ದಿನಲ್ಲಿ ನಾನು ಲಕ್ಕಿ ಸೊಪ್ಪಿನ ಪಕ್ಷಪಾತಿ. ಸೊಪ್ಪು ಕುದಿಸಿದ ಹಂಡೆ ನೀರನ್ನು ಸೊಂಟದ ಮೇಲೆ ಹುಯ್ದುಕೊಂಡರೆ ರಾತ್ರಿ ನಿದ್ದೆಯಂತೂ ಬರುತ್ತದೆ. ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬಿಸಿ ಎಣ್ಣೆ ನಿಲ್ಲಿಸುವ ಕಟಿಬಸ್ತಿಯೂ ಹಿತವೇ. ಬೆಳಿಗ್ಗೆ ಮತ್ತೆ ಅದೇ ಭಂಗಿಯಲ್ಲಿ ಕೂತರೆ ಈ ಹಿತ ಎಷ್ಟು ಹೊತ್ತು? ಮೆಡಿಕಲ್ ಶಾಪಿನ ಬೆಲ್ಟಿನ ಮೇಲೆ ನನಗೆ ಮೊದಲಿಂದಲೂ ನಂಬಿಕೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೀರ್ಘಕಾಲದ ಸೊಂಟನೋವಿಗೆ ವ್ಯಾಯಾಮ, ಮಸಾಜುಗಳನ್ನು ಒಪ್ಪಿ, ಬೆಲ್ಟನ್ನೂ ಬೆನ್ನು ಜಗ್ಗುವ ಟ್ರ್ಯಾಕ್ಷನ್ನನ್ನೂ ಬೇಡವೆಂದಿತು.

ಯೋಗದ ಮಾತಿಗೆ ಬರೋಣ. ಜಿಗಣಿ ಬಳಿಯ ಯೋಗಕೇಂದ್ರ ಪ್ರಶಾಂತಿ ಕುಟೀರದಲ್ಲಿ ಹಳೆಯ ಸೊಂಟನೋವಿನ 80 ಮಂದಿಯನ್ನು ಒಂದು ವಾರ ಇರಿಸಿಕೊಂಡು ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಬರೀ ವ್ಯಾಯಾಮ ಮಾಡಿದವರಿಗಿಂತ ಯೋಗದ ಗುಂಪಿನವರ ಬೆನ್ನು ಹೆಚ್ಚು ಸಡಿಲವಾಗಿತ್ತು. ಒಂದು ವಾರದ ಲೆಕ್ಕ ಅದು, ಅಷ್ಟಕ್ಕೇ ಹಿಗ್ಗಬೇಕಿಲ್ಲ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಗೋಡೆಗೆ ಹಗ್ಗ ಕಟ್ಟಿ, ಕಾಲಡಿ ಮರದ ಇಟ್ಟಿಗೆ ಇಟ್ಟು, ಬಗ್ಗದ ಮೈಗೂ ಆಸನ ಒಗ್ಗುವಂತೆ ಮಾಡಿದ್ದು ನನಗೆ ಇದಕ್ಕಿಂತ ದೊಡ್ಡ ಸಂಗತಿ.

ದಿನವಿಡೀ ಬಾಗಿ ಕೂತವರಿಗೆ ಸಂಜೆ ಮತ್ತೆ ಮುಂದಕ್ಕೇ ಬಾಗುವ ಪಶ್ಚಿಮೋತ್ತಾನಾಸನ ಹೇಳಿಕೊಡುವ ಮೇಷ್ಟ್ರುಗಳನ್ನು ಕಂಡರೆ ನನಗೆ ಸಿಟ್ಟು. ಬಾಗಿದ್ದು ಸಾಲದೇ? ಸೇತುಬಂಧ, ನೋವಾಗದಷ್ಟೇ ಎತ್ತರದ ಭುಜಂಗ, ಆಮೇಲೆ ನಾಲೆ ಏರಿಯ ಮೇಲೊಂದು ನಡಿಗೆ. ಸುಲಿಯುವವರಿಗೆ ಅಷ್ಟೂ ಬಿಡುವಿಲ್ಲ, ಗೊತ್ತು. ಬುಟ್ಟಿ ತುಂಬಿದಾಗಲೆಲ್ಲ ತಾವೇ ಎದ್ದು ಸುರಿದು ಬಂದರಾಯಿತು. ಆ ನಾಲ್ಕು ಹೆಜ್ಜೆಯ ಹೊತ್ತಿಗೆ ತೋಟದ ಯಜಮಾನರು ಗೊಣಗಬಾರದು.