ಹೆಸರು ಅದೇ, ಮರ ನಮ್ಮದು

ಹೈದರಾಬಾದಿನ ಕಾಚಿಗುಡದಲ್ಲಿ ನೆಲೆಸಿರುವ ಕನ್ನಡಿಗ ಗೆಳೆಯರೊಬ್ಬರು ಕಳೆದ ವಾರ ಅಮೆರಿಕದ ಮಾರ್ಟಿನ್ ಕಂಪನಿಯ ಹಳೆಯ ಡಿ-28 ಗಿಟಾರನ್ನು ನನ್ನ ಕೈಗಿಟ್ಟರು. "ಇದು 1969ರ ಈಚಿನದಂತೆ ಸರ್, ಅಸಲಿ ಮರದ್ದಲ್ಲವಂತೆ" ಎಂದು ಮುಖ ಸಣ್ಣದು ಮಾಡಿಕೊಂಡರು. ಬೆನ್ನು ತಿರುಗಿಸಿ ನೋಡಿದೆ. ಕಪ್ಪು ಗೆರೆಯ ಕಂದು ಮರ. ನಮ್ಮ ಮಲೆನಾಡಿನ ಮನೆಗಳ ಬಾಗಿಲು, ಮಂಚಗಳಲ್ಲಿ ಕಂಡ ಅದೇ ಬೀಟೆ.

'ಡಿ' ಎಂದರೆ ಡ್ರೆಡ್‌ನಾಟ್. 1906ರ ಬ್ರಿಟಿಷ್ ಯುದ್ಧನೌಕೆಯ ಹೆಸರನ್ನು ಈ ಅಗಲ ಒಡಲಿನ ಗಿಟಾರಿಗೆ ಇಟ್ಟರು. 1916ರಲ್ಲಿ ಮಾರ್ಟಿನ್ ಇದನ್ನು ಬಾಸ್ಟನ್ನಿನ ಡಿಟ್ಸನ್ ಕಂಪನಿಗಾಗಿ ಮಾಡಿತು. ತನ್ನದೇ ಹೆಸರಲ್ಲಿ ಮಾರತೊಡಗಿದ್ದು 1931ರಲ್ಲಿ. ಅಕ್ಷರ ಒಡಲಿನ ಅಳತೆ ಹೇಳಿದರೆ, ಅಂಕಿ ಮರ ಮತ್ತು ಅಲಂಕಾರವನ್ನು ಹೇಳುತ್ತದೆ. 18 ಎಂದರೆ ಮಹಾಗನಿ, 28 ಎಂದರೆ ರೋಸ್‌ವುಡ್.

ಹೆಸರು ಹಾಗೇ ಉಳಿಯಿತು, ವಾದ್ಯ ಉಳಿಯಲಿಲ್ಲ. 1934ರಲ್ಲಿ ಒಡಲಿನಾಚೆಯ ಫ್ರೆಟ್‌ಗಳು 12ರಿಂದ 14ಕ್ಕೇರಿದವು. ಮೇಲ್ಹಲಗೆಯ ಒಳಗಿನ ಆಸರೆಪಟ್ಟಿಗಳನ್ನು ಕೆತ್ತಿ ಹಗುರ ಮಾಡುವುದು 1944ರಲ್ಲಿ ನಿಂತಿತು. ಬಿಗಿತ ಹೆಚ್ಚಿ ದನಿ ಬೇರೆಯಾಯಿತು. 1947ರಲ್ಲಿ ಮೀನಿನ ಮುಳ್ಳಿನಂಥ ಅಂಚಿನ ಪಟ್ಟಿಯೂ ಹೋಯಿತು. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾಗುತ್ತ ಬಂತು. 1965ರಲ್ಲಿ ಬಂದ ಡಿ-35ರ ಬೆನ್ನನ್ನು ಮೂರು ತುಂಡು ಜೋಡಿಸಿ ಮಾಡಿದ್ದು ಅಗಲ ಹಲಗೆಯ ಕೊರತೆಯಿಂದಲೇ. 1969ರ ಕೊನೆಗೆ ಡಿ-28ಕ್ಕೆ ಭಾರತದ ರೋಸ್‌ವುಡ್, ಅಂದರೆ ನಮ್ಮ ಬೀಟೆ ಬಂತು.

ಇಲ್ಲೊಂದು ಸ್ವಾರಸ್ಯವಿದೆ. 1976ರಲ್ಲಿ ಹಳೆಯ ಅಂಚೂ ಕೆತ್ತಿದ ಪಟ್ಟಿಯೂ ಮರಳಿದಾಗ ಹೆಸರಿಗೆ ಒಂದಕ್ಷರ ಸೇರಿ ಎಚ್‌ಡಿ-28 ಆಯಿತು. ಮರವೇ ಬದಲಾದಾಗ ಮಾತ್ರ ಒಂದಕ್ಷರವೂ ಕದಲಲಿಲ್ಲ. ಆ ಹೆಸರನ್ನು ಹೊರುವ ಯೋಗ್ಯತೆ ಬೀಟೆಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಗೆಳೆಯರ ಗಿಟಾರಿನ ಮಂದ್ರದ ತಂತಿ ಮೀಟಿದೆ. ತುಂಬಿದ ನಾದ ಎದೆಗೆ ತಾಗಿತು.

ಹಳೆಯ ಮಾರ್ಟಿನ್ ಕೊಳ್ಳುವವರು ಹೆಸರಿಗೆ ಮರುಳಾಗಬೇಡಿ. ನಾದರಂಧ್ರದೊಳಗೆ ಇಣುಕಿ, ಕುತ್ತಿಗೆಯ ಬುಡದ ಮರದ ತುಂಡಿನ ಮೇಲೆ ಒತ್ತಿದ ಸಂಖ್ಯೆ ಓದಿ. ತಯಾರಾದ ವರ್ಷ ಅದರಿಂದ ತಿಳಿಯುತ್ತದೆ. ಹೈದರಾಬಾದಿನ ಏಪ್ರಿಲ್, ಮೇ ತಿಂಗಳ ಒಣ ಬಿಸಿಗೆ ಮರ ಸೀಳುತ್ತದೆ. ಗಿಟಾರನ್ನು ಪೆಟ್ಟಿಗೆಯಲ್ಲೇ ಇಡಿ, ಒಳಗೆ ತೇವ ಕಾಯ್ದುಕೊಳ್ಳಿ. ಬೀಟೆ ಬಲಿಯಲು ಹಲವು ದಶಕ ಬೇಕು, ಕಾಡಿನಲ್ಲಿ ಅದೂ ಈಗ ವಿರಳ. ಕೈಯಲ್ಲಿರುವುದನ್ನು ಮೊಮ್ಮಕ್ಕಳವರೆಗೆ ಬಾಳಿಸಿ.